ಹಿಮ ಬೀಳುವ ಊರಿಗೆ ಮನೆ ಬದಲಿಸುತ್ತೀರಾ? ಬಾಡಿಗೆಯಾಚೆಗಿನ ಲೆಕ್ಕ ಹೀಗೆ ಹಾಕಿ

ನಾವು ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದಿದ್ದು ಒಂದು ಜೂನ್ ತಿಂಗಳಲ್ಲಿ. ಹದವಾದ ಬಿಸಿಲು, ಕೆರೆಗಳ ಸುತ್ತ ಹಸಿರು, ರಾತ್ರಿ ಒಂಬತ್ತಾದರೂ ಬೆಳಕು. ಎರಡು ಬೆಡ್‌ರೂಮಿನ ಮನೆ ಸಿಕ್ಕಿತು. ಬಾಡಿಗೆಯೂ ಕೈಗೆಟುಕುವಂತಿತ್ತು. ಮೊದಲ ಕರೆಂಟ್ ಬಿಲ್ಲು 58 ಡಾಲರ್ ಬಂತು. ಜನವರಿಯದು 291 ಡಾಲರ್.

ಆ ಬಿಲ್ಲನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಎರಡೆರಡು ಸಲ ಓದಿದೆವು. ಮೀಟರ್ ಕೆಟ್ಟಿರಬೇಕು ಅನಿಸಿತು. ಕೆಟ್ಟಿರಲಿಲ್ಲ. ಪ್ರತಿ ಕೋಣೆಯಲ್ಲೂ ಕಿಟಕಿಯ ಕೆಳಗೆ, ಗೋಡೆಯ ಬುಡಕ್ಕೆ ಒಂದು ಉದ್ದನೆಯ ಬಿಳಿ ತಗಡಿನ ಪಟ್ಟಿ ಇತ್ತು. ಮನೆ ನೋಡಲು ಬಂದಾಗ ಅದರ ಮುಂದೆ ಸೋಫಾ ಹಾಕಬಹುದಾ ಅಂತಷ್ಟೇ ಯೋಚಿಸಿದ್ದೆವು. ಅದು ಬೇಸ್‌ಬೋರ್ಡ್ ಹೀಟರ್. ಪೂರ್ತಿ ಕರೆಂಟಿನಲ್ಲೇ ಓಡುತ್ತದೆ. ಈ ಮನೆಗೆ ಹೀಟು ಯಾವುದರಿಂದ ಬರುತ್ತದೆ ಎಂದು ನಾವು ಕೇಳಿಯೇ ಇರಲಿಲ್ಲ.

ಈಗ ಊರಿಂದ ಹೊಸದಾಗಿ ಬರುವವರು ಫೋನ್ ಮಾಡಿ "ಅಲ್ಲಿ ಬಾಡಿಗೆ ಎಷ್ಟಿದೆ?" ಎಂದು ಕೇಳಿದಾಗಲೆಲ್ಲ ನನಗೆ ಆ ಬಿಲ್ಲು ನೆನಪಾಗುತ್ತದೆ. ಬಾಡಿಗೆ ಹನ್ನೆರಡು ತಿಂಗಳೂ ಒಂದೇ. ಮಿಕ್ಕ ಖರ್ಚಿನಲ್ಲಿ ದೊಡ್ಡ ಪಾಲು ನವೆಂಬರ್‌ನಿಂದ ಮಾರ್ಚ್‌ವರೆಗೆ, ಐದೇ ತಿಂಗಳಲ್ಲಿ ಬಂದು ಬೀಳುತ್ತದೆ. ಆ ಐದು ತಿಂಗಳ ಭಾರವನ್ನು ಇಡೀ ವರ್ಷಕ್ಕೆ ಹಂಚಿಕೊಂಡರೆ ಮಾತ್ರ ಜನವರಿಯಲ್ಲಿ ಉಸಿರಾಡಬಹುದು. ನಾನು ಹೇಳುವ ನಿಯಮಗಳು ಮಿನಿಯಾಪೊಲಿಸ್ ಮತ್ತು ಮಿನ್ನೆಸೋಟ ರಾಜ್ಯದವು. ಬಫಲೊ, ಷಿಕಾಗೊ, ಕ್ಯಾಲ್ಗರಿ ಕಡೆ ಹೋಗುವವರಿಗೆ ನಿಯಮ ಬೇರೆ ಇರುತ್ತದೆ, ಕೇಳಬೇಕಾದ ಪ್ರಶ್ನೆಗಳು ಇವೇ.

1. ಸಹಿ ಹಾಕುವ ಮುಂಚೆ ಹೀಟಿನ ಜಾತಕ ಕೇಳಿ

ಇಲ್ಲಿನ ಹಳೆಯ ಕಟ್ಟಡಗಳ ನೆಲಮಾಳಿಗೆಯಲ್ಲಿ ದೊಡ್ಡ ಬಾಯ್ಲರ್ ಇರುತ್ತದೆ. ಬಿಸಿನೀರೋ ಹಬೆಯೋ ಕೊಳವೆಯಲ್ಲಿ ಬಂದು ಕೋಣೆಯ ರೇಡಿಯೇಟರ್ ಕಾಯುತ್ತದೆ. ಇಂಥ ಕಡೆ ಎಷ್ಟೋ ಸಲ ಹೀಟು ಬಾಡಿಗೆಯಲ್ಲೇ ಸೇರಿರುತ್ತದೆ. ಬಾಡಿಗೆ 75 ಡಾಲರ್ ಜಾಸ್ತಿ ಕಂಡರೂ ವರ್ಷದ ಲೆಕ್ಕದಲ್ಲಿ ಇದೇ ಅಗ್ಗವಾಗಬಹುದು. ಎರಡನೆಯದು ಗ್ಯಾಸಿನಲ್ಲಿ ಉರಿದು ಮನೆಗೆಲ್ಲ ಬಿಸಿಗಾಳಿ ಊದುವ ಫರ್ನೇಸ್. ಗ್ಯಾಸ್ ಬಿಲ್ಲು ನಿಮ್ಮ ಹೆಸರಿಗೆ ಬೇರೆಯೇ ಬರುತ್ತದೆ. ಮೂರನೆಯದು ನಮಗೆ ಸಿಕ್ಕಿದ್ದು, ಕರೆಂಟಿನದು. ಮೂರರಲ್ಲಿ ಜೇಬಿಗೆ ಜಾಸ್ತಿ ಭಾರ ಇದೇ.

"ಹೀಟಿಗೆ ಎಷ್ಟಾಗುತ್ತೆ?" ಎಂದು ಕೇಳಿದರೆ "ಪರವಾಗಿಲ್ಲ, ಅಷ್ಟೇನಿಲ್ಲ" ಎಂಬ ಉತ್ತರ ಬರುತ್ತದೆ. ಅದು ಬೇಡ. ಹಿಂದಿನ 12 ತಿಂಗಳ ಬಿಲ್ಲು ತೋರಿಸಿ ಎನ್ನಿ. ಅದರಲ್ಲಿ ಜನವರಿ, ಫೆಬ್ರವರಿಯ ಅಂಕಿ ಬರೆದುಕೊಳ್ಳಿ. ಮೀಟರ್ ನಿಮ್ಮ ಮನೆಗೆ ಪ್ರತ್ಯೇಕವಾಗಿದೆಯೋ, ಅಥವಾ ಇಡೀ ಕಟ್ಟಡದ ಬಿಲ್ಲನ್ನು ಎಲ್ಲರಿಗೂ ಹಂಚುತ್ತಾರೋ ಕೇಳಿ. ಹಂಚುವುದಾದರೆ ಪಕ್ಕದ ಮನೆಯವರು ಕಿಟಕಿ ತೆರೆದಿಟ್ಟು ಹೀಟು ಹಾಕಿದರೂ ಅದರ ಪಾಲು ನಿಮಗೆ ಬರುತ್ತದೆ.

ಇನ್ನೊಂದು ವಿಷಯ ಗಟ್ಟಿಯಾಗಿ ನೆನಪಿಡಿ. 2024ರ ಜನವರಿ 1ರಿಂದ ಮಿನ್ನೆಸೋಟದಲ್ಲಿ ಒಂದು ಒಳ್ಳೆಯ ನಿಯಮ ಬಂದಿದೆ. ಬಾಡಿಗೆ ಮತ್ತು ಕಟ್ಟಲೇಬೇಕಾದ ಎಲ್ಲ ಶುಲ್ಕಗಳನ್ನು ಕೂಡಿಸಿ, ತಿಂಗಳಿಗೆ ಒಟ್ಟು ಇಷ್ಟು ಎಂದು ಕರಾರುಪತ್ರದ ಮೊದಲ ಪುಟದಲ್ಲೇ ಬರೆಯಬೇಕು. ಕಸದ ಶುಲ್ಕ, ನಿರ್ವಹಣೆ ಶುಲ್ಕ ಎಂದು ಹನ್ನೆರಡನೇ ಪುಟದಲ್ಲಿ ಅಡಗಿಸುವಂತಿಲ್ಲ. ಮನೆಗಳನ್ನು ಹೋಲಿಸುವಾಗ ಜಾಹೀರಾತಿನ ಬಾಡಿಗೆ ಬಿಟ್ಟು ಈ ಮೊತ್ತವನ್ನೇ ಹೋಲಿಸಿ. ಹೀಟಿನ ನಿಯಂತ್ರಣ ಮಾಲೀಕರ ಕೈಯಲ್ಲಿದ್ದರೆ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಮನೆಯೊಳಗೆ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ 20 ಡಿಗ್ರಿ ಸೆಲ್ಸಿಯಸ್, ಇರಿಸುವುದು ಅವರ ಹೊಣೆ. ಇದೂ ಕಾನೂನೇ. ಚಳಿಯಲ್ಲಿ ನಡುಗಿಕೊಂಡು ಸುಮ್ನೆ ಇರಬೇಡಿ, ಇಮೇಲ್ ಬರೆದು ಕೇಳಿ.

ಡೆಪಾಸಿಟ್ ವಿಷಯದಲ್ಲಿ ಮಾತ್ರ ಬೆಂಗಳೂರಿನವರಿಗೆ ನೆಮ್ಮದಿ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರು ನಾವು. ಮಿನಿಯಾಪೊಲಿಸ್ ನಗರದೊಳಗೆ ಡೆಪಾಸಿಟ್ ಒಂದು ತಿಂಗಳ ಬಾಡಿಗೆಯನ್ನು ದಾಟುವಂತಿಲ್ಲ.

2. ಬಿಲ್ಲನ್ನು ಸಮ ಮಾಡಿಸಿಕೊಳ್ಳಿ

ಗ್ಯಾಸ್ ಮತ್ತು ಕರೆಂಟ್ ಕಂಪನಿಗಳಲ್ಲಿ ಸರಾಸರಿ ಬಿಲ್ಲಿನ ಯೋಜನೆ ಇರುತ್ತದೆ. ವರ್ಷದ ಬಳಕೆಯನ್ನು ಅಂದಾಜು ಮಾಡಿ ತಿಂಗಳಿಗೆ ಹೆಚ್ಚುಕಡಿಮೆ ಒಂದೇ ಮೊತ್ತ ಕಟ್ಟಿಸಿಕೊಳ್ಳುತ್ತಾರೆ. ಇದು ರಿಯಾಯಿತಿ ಅಂತ ತಿಳಿಯಬೇಡಿ, ಬಳಸಿದ್ದಕ್ಕೆಲ್ಲ ದುಡ್ಡು ಕೊಡಲೇಬೇಕು. ಮಧ್ಯೆ ಮಧ್ಯೆ ಲೆಕ್ಕ ಸರಿಪಡಿಸುವಾಗ ಮೊತ್ತ ಏರಬಹುದು. ಆದರೂ ಹೊಸದಾಗಿ ಬಂದ ಸಂಸಾರಕ್ಕೆ ಇದು ದೊಡ್ಡ ಆಸರೆ. ಬೇಸಿಗೆಯಲ್ಲೇ ಸೇರಿಕೊಳ್ಳಿ.

ಕೆಲಸ ಹೋಗಿಯೋ ಇನ್ನೇನೋ ಆಗಿಯೋ ಬಿಲ್ಲು ಕಟ್ಟಲು ಆಗದಿದ್ದರೆ ಹೆದರಿ ಫೋನ್ ಎತ್ತದೆ ಕೂರಬೇಡಿ. ಮಿನ್ನೆಸೋಟದಲ್ಲಿ ಕೋಲ್ಡ್ ವೆದರ್ ರೂಲ್ ಎಂಬ ನಿಯಮವಿದೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಕಂಪನಿಯ ಜೊತೆ ಮಾತಾಡಿ ಕಂತು ಗೊತ್ತು ಮಾಡಿಕೊಂಡು, ಅದನ್ನು ತಪ್ಪದೆ ಕಟ್ಟುತ್ತಿದ್ದರೆ ಹೀಟು ಕಡಿಯುವುದಿಲ್ಲ. ಮೊದಲು ಫೋನ್ ಮಾಡಬೇಕಾದವರು ನಾವು, ಅಷ್ಟೇ.

3. ಕಿಟಕಿಗೆ ಇಪ್ಪತ್ತು ಡಾಲರ್ ಹಾಕಿ

ನಮ್ಮ ಖರ್ಚಿನಲ್ಲಿ ದುಡ್ಡಿಗೆ ತಕ್ಕ ಫಲ ಕೊಟ್ಟಿದ್ದು ಯಾವುದು ಎಂದು ಕೇಳಿದರೆ ಕಿಟಕಿಯ ಪ್ಲಾಸ್ಟಿಕ್ ಹಾಳೆ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಿಟಕಿಯ ಚೌಕಟ್ಟನ್ನು ಒಣಬಟ್ಟೆಯಲ್ಲಿ ಒರೆಸಿ, ಸುತ್ತ ಎರಡೂ ಬದಿ ಅಂಟುವ ಟೇಪ್ ಹಾಕಬೇಕು. ಹಾಳೆಯನ್ನು ಮೇಲಿನಿಂದ ಅಂಟಿಸುತ್ತ ಬರಬೇಕು. ಆಗ ಅದು ಸುಕ್ಕುಸುಕ್ಕಾಗಿ ಜೋಲುತ್ತದೆ, ಕೆಲಸ ಕೆಟ್ಟಿತು ಅನಿಸುತ್ತದೆ. ಈಗ ಹೇರ್ ಡ್ರೈಯರ್ ಹಿಡಿದು ಮೂಲೆಯಿಂದ ಶುರು ಮಾಡಿ. ಬೆಂಕಿಗೆ ಹಿಡಿದ ತಮಟೆಯ ಹಾಗೆ ಹಾಳೆ ಬಿಗಿಯುತ್ತ ಹೋಗುತ್ತದೆ. ಬೆರಳಲ್ಲಿ ತಟ್ಟಿದರೆ ಸದ್ದು ಬರುತ್ತದೆ. ಗಾಜಿಗೂ ಹಾಳೆಗೂ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿಗೆ ಅಡ್ಡಗೋಡೆ. ಆ ರಾತ್ರಿ ಕಿಟಕಿ ಪಕ್ಕದ ಮಂಚದಲ್ಲಿ ಮಗಳು ಟೋಪಿ ಇಲ್ಲದೆ ಮಲಗಿದಳು.

ಬಾಗಿಲ ಕೆಳಗಿನ ಸಂದಿಗೂ ಒಂದು ರಬ್ಬರ್ ಪಟ್ಟಿ ಹಾಕಿ. ಫರ್ನೇಸ್ ಇದ್ದರೆ ಅದರ ಫಿಲ್ಟರನ್ನು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ, ಧೂಳು ಕಟ್ಟಿದ್ದರೆ ಬದಲಿಸಿ.

4. ಬಟ್ಟೆ ಬೆಂಗಳೂರಲ್ಲಿ ಕೊಳ್ಳಬೇಡಿ

ಊರಲ್ಲಿ ಸಿಗುವ ಸ್ವೆಟರ್, ಜಾಕೆಟ್ ಊಟಿಗೆ ಸಾಕು. ಇಲ್ಲಿ 2019ರ ಜನವರಿ 30ರಂದು ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಇಲ್ಲಿಗೇ ಬಂದು ಕೊಳ್ಳಿ. ಮಿನ್ನೆಸೋಟದಲ್ಲಿ ಬಟ್ಟೆಗೆ ಮಾರಾಟ ತೆರಿಗೆಯೂ ಇಲ್ಲ. ಬೂಟು ಮತ್ತು ದಪ್ಪ ಕೋಟಿನಲ್ಲಿ ಜಿಪುಣತನ ಬೇಡ, ದೊಡ್ಡವರಿಗೆ ಅವು ಏಳೆಂಟು ವರ್ಷ ಬರುತ್ತವೆ. ಮಕ್ಕಳದು ಹಾಗಲ್ಲ. ಈ ವರ್ಷದ ಬೂಟು ಮುಂದಿನ ವರ್ಷ ಆಗುವುದಿಲ್ಲ. ಅವರಿಗೆ ಸೆಕೆಂಡ್‌ಹ್ಯಾಂಡ್ ಅಂಗಡಿಯೇ ಸರಿ. ಹಿಮ ಬಿದ್ದಿದೆ ಅಂತ ಶಾಲೆಯಲ್ಲಿ ಹೊರಗಿನ ಆಟ ನಿಲ್ಲಿಸುವುದಿಲ್ಲ, ಹಾಗಾಗಿ ಸ್ನೋ ಪ್ಯಾಂಟ್ ಬೇಕೇ ಬೇಕು. ಕೈಗವಸು ಎರಡು ಜೊತೆ ಇರಲಿ, ಒಂದು ಒದ್ದೆಯಾಗಿಯೇ ಮನೆಗೆ ಬರುತ್ತದೆ. ಮುಂದಿನ ವರ್ಷಕ್ಕೆ ಬೇಕಾದ್ದನ್ನು ಮಾರ್ಚ್‌ನಲ್ಲಿ ಬೆಲೆ ಇಳಿದಾಗ, ಒಂದು ಅಳತೆ ದೊಡ್ಡದು ನೋಡಿ ತಂದಿಡಿ.

5. ಕಾರಿಗೆ ಬೇರೆ ಪುಟ ತೆಗೆಯಿರಿ

ಹೀಟಿನ ಹಾಗೆಯೇ ದುಡ್ಡು ನುಂಗುವುದು ಕಾರು. ಮೊದಲು ಅದನ್ನು ಎಲ್ಲಿ ನಿಲ್ಲಿಸುತ್ತೀರಿ ನೋಡಿ. ಗ್ಯಾರೇಜಿಗೆ ತಿಂಗಳಿಗೆ ಬೇರೆ ದುಡ್ಡು ಕೇಳುತ್ತಾರೆ. ಅದನ್ನು ಉಳಿಸೋಣ ಅಂತ ರಸ್ತೆ ಬದಿ ನಿಲ್ಲಿಸುವವರು ಸ್ನೋ ಎಮರ್ಜೆನ್ಸಿ ನಿಯಮವನ್ನು ಬಾಯಿಪಾಠ ಮಾಡಬೇಕು.

ಹಿಮ ಜೋರಾಗಿ ಬಿದ್ದಾಗ ನಗರಾಡಳಿತ ಇದನ್ನು ಸಾರುತ್ತದೆ. ಮೊದಲ ದಿನ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ, ಸ್ನೋ ಎಮರ್ಜೆನ್ಸಿ ರೂಟ್ ಎಂದು ಗುರುತಿಸಿದ ರಸ್ತೆಗಳ ಎರಡೂ ಬದಿ ಖಾಲಿ ಇರಬೇಕು. ಎರಡನೇ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಳಿದ ರಸ್ತೆಗಳಲ್ಲಿ ಸಮಸಂಖ್ಯೆಯ ಮನೆಗಳ ಬದಿ, ಮೂರನೇ ದಿನ ಅದೇ ಹೊತ್ತಿಗೆ ಬೆಸಸಂಖ್ಯೆಯ ಬದಿ. ತಪ್ಪಿದರೆ ಕಾರನ್ನು ಎಳೆದುಕೊಂಡು ಹೋಗುತ್ತಾರೆ. ಆಗ ದಂಡ, ಎಳೆದೊಯ್ದ ಶುಲ್ಕ, ಅಲ್ಲಿ ನಿಲ್ಲಿಸಿಕೊಂಡಿದ್ದಕ್ಕೆ ದಿನದ ಬಾಡಿಗೆ ಮೂರೂ ಕಟ್ಟಬೇಕು. ನಮ್ಮ ಪರಿಚಯದ ಹುಡುಗನೊಬ್ಬ ಬಂದ ಮೊದಲ ಡಿಸೆಂಬರ್‌ನಲ್ಲಿ ಹೀಗೆ ಸಿಕ್ಕಿಕೊಂಡ. ಬೆಳಿಗ್ಗೆ ಎದ್ದು ನೋಡಿದರೆ ಸಾಲುಸಾಲು ಕಾರುಗಳಿದ್ದ ರಸ್ತೆ ಬೋಳು. ಕಳ್ಳತನವಾಯಿತು ಎಂದು ಗಾಬರಿಯಿಂದ ನಮಗೆ ಫೋನ್ ಮಾಡಿದ್ದ. ನಗರದ ಎಚ್ಚರಿಕೆ ಸಂದೇಶಕ್ಕೆ ನಿಮ್ಮ ಫೋನ್ ನಂಬರ್ ಸೇರಿಸಿ, ದುಡ್ಡೇನೂ ಇಲ್ಲ.

ಮುಂದಿನದು ಬ್ಯಾಟರಿ. ಮೈನಸ್ 18 ಡಿಗ್ರಿಯಲ್ಲಿ ಅದು ತನ್ನ ಬಲದ ಅರ್ಧಕ್ಕಿಂತ ಜಾಸ್ತಿ ಕಳೆದುಕೊಂಡಿರುತ್ತದೆ. ಹಳೇ ಕಾರು ಕೊಳ್ಳುವವರು ಅಕ್ಟೋಬರ್‌ನಲ್ಲೇ ಪರೀಕ್ಷೆ ಮಾಡಿಸಿ. ಟೈರಿನ ಗಾಳಿಯೂ ಪ್ರತಿ ಐದಾರು ಡಿಗ್ರಿ ಇಳಿದಂತೆ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾಗುತ್ತದೆ. ಚಳಿಗಾಲದ ಟೈರು ಇಲ್ಲಿ ಕಡ್ಡಾಯವಲ್ಲ. ಆದರೂ ದಿನಾ ಹೆದ್ದಾರಿಯಲ್ಲಿ ಓಡಾಡುವವರು ಹಾಕಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಬಿಡುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಕಾರಿದೆ, ನನಗ್ಯಾಕೆ ಎನ್ನುತ್ತಾರೆ. ಅದು ಕಾರನ್ನು ಹೊರಡಿಸಲು ನೆರವಾಗುತ್ತದೆ, ನಿಲ್ಲಿಸಲು ಟೈರೇ ಬೇಕು. ನಾವು ನಾಲ್ಕಕ್ಕೆ 800 ಡಾಲರ್ ಕೊಟ್ಟೆವು, ನಾಲ್ಕು ಚಳಿಗಾಲ ಬಂತು. ಗಾಜು ತೊಳೆಯುವ ನೀರೂ ಹೆಪ್ಪುಗಟ್ಟದಂಥದ್ದು ಇರಬೇಕು. ರಸ್ತೆಗೆ ಸುರಿಯುವ ಉಪ್ಪು ಕಾರಿನ ತಳಕ್ಕೆ ಅಂಟಿ ತುಕ್ಕು ಹಿಡಿಸುತ್ತದೆ, ಆಗಾಗ ತಳ ತೊಳೆಸುವ ಖರ್ಚನ್ನೂ ಬರೆದುಕೊಳ್ಳಿ.

6. ಬಾಗಿಲ ಮುಂದಿನ ಹಿಮ ಯಾರದು?

ಸ್ವತಂತ್ರ ಮನೆಯಾದರೆ ಹಿಮ ನಿಂತ 24 ಗಂಟೆಯೊಳಗೆ ಮುಂದಿನ ಕಾಲುದಾರಿ ಸ್ವಚ್ಛವಾಗಿರಬೇಕು. ಇಲ್ಲದಿದ್ದರೆ ನಗರದವರೇ ತೆಗೆಸಿ ಮನೆ ಮಾಲೀಕರಿಗೆ ಬಿಲ್ಲು ಕಳಿಸಬಹುದು. ಬಾಡಿಗೆಗೆ ಇರುವವರು ಆ ಕೆಲಸ ಯಾರದು ಎಂದು ಕರಾರಿನಲ್ಲಿ ಬರೆಸಿಕೊಳ್ಳಿ. ಉಪ್ಪನ್ನು ಸುರಿಯುತ್ತ ಹೋಗಬೇಡಿ. ಮೈನಸ್ 9 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಉಪ್ಪು ಕೆಲಸ ಮಾಡುವುದಿಲ್ಲ. ಕರಗಿ ಹರಿದದ್ದು ಕೆರೆ ಸೇರುತ್ತದೆ. ಒಂದು ಟೀ ಚಮಚ ಉಪ್ಪು ಸಾಕು, ಸುಮಾರು 19 ಲೀಟರ್ ನೀರು ಕೆಡಿಸಲು. ಮೊದಲು ಸಲಿಕೆ, ಆಮೇಲೆ ಉಪ್ಪು.

7. ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರಿಗೆ

ನಮ್ಮವರು ಊರಿಗೆ ಹೋಗುವುದೇ ಮಕ್ಕಳ ಡಿಸೆಂಬರ್ ರಜೆಯಲ್ಲಿ. ಆಗ ದುಡ್ಡು ಉಳಿಸೋಣ ಅಂತ ಹೀಟು ಆರಿಸಿ ಹೊರಡುವ ಯೋಚನೆ ಬರುತ್ತದೆ. ದಯವಿಟ್ಟು ಮಾಡಬೇಡಿ. ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತರಷ್ಟು ಉಬ್ಬುತ್ತದೆ, ಕೊಳವೆ ಒಡೆಯುತ್ತದೆ. ನೀವು ಮೈಸೂರಲ್ಲಿ ಮದುವೆ ಊಟ ಮಾಡುತ್ತಿರುವಾಗ ಇಲ್ಲಿ ಮನೆ ತುಂಬ ನೀರು. ಹೀಟಿನ ಮಟ್ಟ ಗೊತ್ತು ಮಾಡುವ ಥರ್ಮೋಸ್ಟಾಟನ್ನು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬೇಡಿ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಸ್ವಂತ ಮನೆಯಾದರೆ ಮುಖ್ಯ ನಲ್ಲಿ ಮುಚ್ಚಿ. ಒಬ್ಬರಿಗೆ ಕೀ ಕೊಟ್ಟು ವಾರಕ್ಕೆರಡು ಸಲ ನೋಡಲು ಹೇಳಿ. ಬಾಡಿಗೆದಾರರ ವಿಮೆ ಮಾಡಿಸಿ, ನಾವು ತಿಂಗಳಿಗೆ 16 ಡಾಲರ್ ಕಟ್ಟುತ್ತಿದ್ದೆವು. ಹೀಟು ಆರಿಸಿ ಹೋಗಿದ್ದು ಗೊತ್ತಾದರೆ ವಿಮೆಯವರು ಹಣ ಕೊಡದಿರಬಹುದು ಎಂಬುದೂ ನೆನಪಿರಲಿ.

ಮನೆಯೊಳಗಿನ ಗಾಳಿ ತುಂಬಾ ಒಣಗುತ್ತದೆ. ತುಟಿ ಒಡೆಯುತ್ತದೆ, ಮೂಗಲ್ಲಿ ರಕ್ತ ಬರುತ್ತದೆ. ಮಲಗುವ ಕೋಣೆಗೆ ಒಂದು ಹ್ಯೂಮಿಡಿಫೈಯರ್ ಇಟ್ಟುಕೊಳ್ಳಿ. ಕೊಬ್ಬರಿ ಎಣ್ಣೆ ಕಲ್ಲಾಗಿರುತ್ತದೆ, ಅಗಲ ಬಾಯಿಯ ಡಬ್ಬಿಗೆ ಹಾಕಿಡಿ.

8. ಈಗ ಕೂಡಿಸಿ ಹನ್ನೆರಡರಿಂದ ಭಾಗಿಸಿ

ನಮ್ಮಮ್ಮ ಸಾಗರದ ಕಡೆಯವರು. ಮಳೆಗಾಲದ ಸೌದೆ ಮೇ ತಿಂಗಳಲ್ಲೇ ಕೊಟ್ಟಿಗೆ ಸೇರಿರಬೇಕು ಅನ್ನುತ್ತಿದ್ದರು. ನಾವು ಮಾಡಿಕೊಂಡಿದ್ದೂ ಅದನ್ನೇ, ಸೌದೆ ಬದಲು ದುಡ್ಡು. ಮೂವರ ಸಂಸಾರಕ್ಕೆ ನಮ್ಮ ಎರಡನೇ ವರ್ಷದ ಪಟ್ಟಿ ಹೀಗಿತ್ತು. ಬೇಸಿಗೆಗಿಂತ ಹೀಟಿಗೆ ಜಾಸ್ತಿಯಾಗುವುದು ತಿಂಗಳಿಗೆ 130ರಂತೆ ಐದು ತಿಂಗಳಿಗೆ 650 ಡಾಲರ್. ಕಾರಿಗೆ, ಟೈರಿನ ಒಂದು ವರ್ಷದ ಪಾಲೂ ಸೇರಿ 500. ಬಟ್ಟೆ ಬೂಟಿಗೆ 550. ಕಿಟಕಿ ಹಾಳೆ, ಸಲಿಕೆ, ಹ್ಯೂಮಿಡಿಫೈಯರ್ ಇತ್ಯಾದಿಗೆ 150. ಗೊತ್ತಿಲ್ಲದೆ ಬರುವುದಕ್ಕೆ 300. ಒಟ್ಟು 2150. ಭಾಗಿಸಿದರೆ ತಿಂಗಳಿಗೆ ಸುಮಾರು 180 ಡಾಲರ್. ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕುತ್ತಿದ್ದೆವು. ನಿಮ್ಮ ಅಂಕಿ ಬೇರೆ ಬರುತ್ತದೆ, ಸಾಲುಗಳು ಇವೇ ಇರಲಿ.

ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬರುವವರಿಗೆ ಕೂಡಿಡಲು ಸಮಯವೇ ಇರುವುದಿಲ್ಲ. ಅವರು ಇದರ ಅರ್ಧದಷ್ಟನ್ನಾದರೂ ವಿಮಾನ ಹತ್ತುವ ಮುಂಚೆ ಕೈಯಲ್ಲಿಟ್ಟುಕೊಳ್ಳಬೇಕು. ಇಲ್ಲಿ 1991ರಲ್ಲಿ ಅಕ್ಟೋಬರ್ 31ಕ್ಕೆ ಶುರುವಾದ ಹಿಮ ನವೆಂಬರ್ 3ರ ಹೊತ್ತಿಗೆ 72 ಸೆಂಟಿಮೀಟರ್ ಬಿದ್ದಿತ್ತು. ಸಲಿಕೆಯನ್ನು ಮಾತ್ರ ಬಂದ ವಾರವೇ ತಂದಿಡಿ. ಮೊದಲ ಹಿಮದ ಮುನ್ಸೂಚನೆ ಬಂದ ಸಂಜೆ ಹೋದರೆ ಅಂಗಡಿಯಲ್ಲಿ ಸಲಿಕೆ ಇಡುವ ಗೋಡೆ ಖಾಲಿಯಾಗಿರುತ್ತದೆ.