ಹಳೆಯ ಟೆಲಿಫೋನ್ ಕೊಳವೆಯಲ್ಲಿ ಹೊಸ ಕೇಬಲ್

ಮುಲುಂಡಿನ ನಮ್ಮ ಫ್ಲ್ಯಾಟ್ ಕಟ್ಟಿದ ಕಾಲಕ್ಕೆ ಮುಂಬೈಯಲ್ಲಿ ಟೆಲಿಫೋನ್ ಎಂದರೆ ಸರ್ಕಾರಿ ಕಂಪನಿ ಎಂಟಿಎನ್‌ಎಲ್. ಹಜಾರದಿಂದ ಹಿಂದಿನ ಕೋಣೆಯವರೆಗೆ ಗೋಡೆಯೊಳಗೆ ಅದಕ್ಕೆಂದೇ ಒಂದು ಪಿವಿಸಿ ಕೊಳವೆ ಹಾಯಿಸಿದ್ದರು. ಲ್ಯಾಂಡ್‌ಲೈನ್ ಹೋಗಿ ವರ್ಷಗಳಾದರೂ ಕೊಳವೆ ಉಳಿದಿತ್ತು. ಇಂಟರ್ನೆಟ್ಟಿನ ಫೈಬರ್ ಬಂದು ನಿಲ್ಲುವುದು ಮುಂಬಾಗಿಲ ಬಳಿ, ಮಗಳು ಕೆಲಸಕ್ಕೆ ಕೂರುವುದು ಹಿಂದಿನ ಕೋಣೆಯಲ್ಲಿ. ನಡುವಿನ ಗೋಡೆ, ಕಾಂಕ್ರೀಟ್ ಕಂಬಗಳನ್ನು ದಾಟುವಷ್ಟರಲ್ಲಿ ವೈಫೈ ಏದುಸಿರು ಬಿಡುತ್ತಿತ್ತು. ಅದಕ್ಕೇ ಆ ಹಳೆಯ ಕೊಳವೆಯಲ್ಲಿ ಹಿಂದಿನ ಕೋಣೆಗೆ ನೆಟ್‌ವರ್ಕ್ ಕೇಬಲ್ ಎಳೆದೆ.

ಹಾಗಾಗಿ ನನ್ನ ಮೊದಲ ಸಲಹೆ: ಗೋಡೆ ಒಡೆಯುವ ಮಾತೆತ್ತುವ ಮುನ್ನ ಮನೆಯಲ್ಲಿರುವ ಖಾಲಿ ಕೊಳವೆಯನ್ನು ಹುಡುಕಿ. ಬಣ್ಣದಡಿ ಮುಚ್ಚಿಹೋದ ಚಿಕ್ಕ ಚೌಕ ಮುಚ್ಚಳಗಳನ್ನು ಬಿಚ್ಚಿ ನೋಡಿ. ಟಿವಿ ಕೇಬಲ್ಲಿನ ಕೊಳವೆಯೂ ಆಗುತ್ತದೆ. ವಿದ್ಯುತ್ತಿನ ಕೊಳವೆಯಲ್ಲಿ ಎಷ್ಟೇ ಜಾಗವಿದ್ದರೂ ಬೇಡ. 230 ವೋಲ್ಟಿನ ತಂತಿಯ ಮಗ್ಗುಲಲ್ಲಿ ನೆಟ್‌ವರ್ಕ್ ಕೇಬಲ್ಲನ್ನು ಮಲಗಿಸಬಾರದು.

ಕೇಬಲ್ಲನ್ನು ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡೆ. ಅಗ್ಗದ ಕ್ಯಾಟ್ 6 (ನೆಟ್‌ವರ್ಕ್ ಕೇಬಲ್ಲಿನ ಒಂದು ದರ್ಜೆ) ಎಂದು ಕೊಡುವುದರಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ತಂತಿಯೇ ಹೆಚ್ಚು. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದರೆ ಬಿಳಿಯ ಒಳಮೈ ಕಾಣುತ್ತದೆ. ಅದು ಎಳೆಯುವಾಗ ಬೇಗ ಮುರಿಯುತ್ತದೆ, ಮುಂದೆ ಅದರಲ್ಲೇ ಕ್ಯಾಮೆರಾಗೆ ವಿದ್ಯುತ್ ಕೊಟ್ಟರೆ ಹೆಚ್ಚು ಬಿಸಿಯಾಗುತ್ತದೆ. ಗೋಡೆಯೊಳಗೆ ಹೋಗಬೇಕಾದದ್ದು ಗಟ್ಟಿ ಎಳೆಯ ಅಪ್ಪಟ ತಾಮ್ರ. ಅಂಗಡಿಯವನು ಮುಖ ಸಿಂಡರಿಸಿದರೂ ಹೆರೆದೇ ನೋಡಿದೆ.

ಜೊತೆಗೆ ವಿಜಯಪುರದ ಕಡೆಯ ಮೇಸ್ತ್ರಿಯೊಬ್ಬರು ಸಿಕ್ಕರು. ಹಳೆಯ ಟೆಲಿಫೋನ್ ತಂತಿಗೆ ನೇರವಾಗಿ ಕೇಬಲ್ ಕಟ್ಟದೆ ಮೊದಲು ನೈಲಾನ್ ಹಗ್ಗ ಕಟ್ಟಿ ಎಳೆದೆವು. ಆಮೇಲೆ ಕೇಬಲ್ಲಿನ ತುದಿಯ ಎಳೆಗಳನ್ನು ಒಂದಕ್ಕಿಂತ ಒಂದು ಗಿಡ್ಡವಾಗುವಂತೆ ಕತ್ತರಿಸಿ, ಹಗ್ಗದ ಜೊತೆ ಸುತ್ತಿ, ಟೇಪಿನಿಂದ ಬಾಳೆಯ ಮೂತಿಯಂತೆ ಚೂಪು ಮಾಡಿದೆವು. ಮೇಲೆ ಟಾಲ್ಕಂ ಪೌಡರ್. ಒಬ್ಬರು ಎಳೆಯುವುದು, ಇನ್ನೊಬ್ಬರು ಆ ಕಡೆಯಿಂದ ನೂಕುವುದು. ತಿರುವಿನಲ್ಲಿ ಸಿಕ್ಕಿಕೊಂಡಾಗ ನಾನು ಜಗ್ಗಲು ಹೋದರೆ ಮೇಸ್ತ್ರಿ, "ಸಾಹೇಬರೇ, ಹಿಂದಕ್ಕೆ ಒಂದು ಗೇಣು ಬಿಡಿ, ತಾನೇ ದಾರಿ ಹಿಡಿಯುತ್ತದೆ" ಎಂದರು. ಹಾಗೆಯೇ ಆಯಿತು. ಸುಮಾರು 11 ಕಿಲೋ ಭಾರಕ್ಕಿಂತ ಹೆಚ್ಚು ಬಲ ಹಾಕಿದರೆ ಒಳಗೆ ಎರಡೆರಡು ಎಳೆ ಸೇರಿಸಿ ಹೆಣೆದ ನಾಲ್ಕು ಜೋಡಿಗಳ ಹೆಣಿಗೆ ಕೆಡುತ್ತದೆ, ಅದು ಹೊರಗಿನಿಂದ ಗೊತ್ತಾಗುವುದೂ ಇಲ್ಲ.

ಹಳೆಯ ಪೆಟ್ಟಿಗೆಯಿಂದ ಮೇಜಿನವರೆಗಿನ ತುಂಡಿಗೆ ಮಾತ್ರ ಗೋಡೆ ಕೊರೆಯಬೇಕಾಯಿತು. ಸೊಸೈಟಿಗೆ ಅರ್ಜಿ ಕೊಟ್ಟು, ಒಳಗಿನ ಇಟ್ಟಿಗೆ ಗೋಡೆಯಲ್ಲಷ್ಟೇ ಕೊರೆದೆವು. ಕಂಬ, ತೊಲೆಗಳಿಗೆ ಉಳಿ ಮುಟ್ಟಿಸಲಿಲ್ಲ. ಹೊರಗೋಡೆ ಹತ್ತಿರದ ದಾರಿಯಾಗಿದ್ದರೂ ಬಿಟ್ಟೆ, ಮುಂಬೈಯ ಮಳೆಗಾಲದಲ್ಲಿ ಅದು ಒಸರದೆ ಇರುವುದಿಲ್ಲ. ವಿದ್ಯುತ್ ಕೊಳವೆಯನ್ನು ದಾಟಬೇಕಾದ ಕಡೆ ಅಡ್ಡಲಾಗಿ, ಲಂಬಕೋನದಲ್ಲಿ ದಾಟಿಸಿದೆವು.

ತಾಳ್ಮೆ ಬೇಡುವುದು ಗೋಡೆಯ ಪೆಟ್ಟಿಗೆಯಲ್ಲಿ ಎಂಟು ಎಳೆಗಳನ್ನು ಜ್ಯಾಕಿಗೆ, ಅಂದರೆ ಪ್ಲಗ್ ಸಿಕ್ಕಿಸುವ ಕಿಂಡಿಗೆ, ಕೂರಿಸುವ ಕೆಲಸ. ಬಣ್ಣಗಳನ್ನು ಜೋಡಿಸಲು ಎ, ಬಿ ಎಂಬ ಎರಡು ಕ್ರಮಗಳಿವೆ. ಬಿ ಕ್ರಮವೆಂದರೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜ್ಯಾಕಿನ ಮೇಲೆ ಎ, ಬಿ ಎರಡರ ಬಣ್ಣಗಳೂ ಅಚ್ಚಾಗಿರುತ್ತವೆ, ಎರಡೂ ತುದಿಯಲ್ಲಿ ಒಂದೇ ಇರಲಿ. ಜೋಡಿಯ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಎಳೆಗಳು ನೇರವಾಗಿ ಕಾಣಲೆಂದು ಉದ್ದಕ್ಕೆ ಬಿಚ್ಚುವ ಚಪಲ ಬಂದೇ ಬರುತ್ತದೆ. ಪೆಟ್ಟಿಗೆ ಆಳದ್ದಾಗಿರಲಿ, ಒಳಗೆ ಒಂದು ಗೇಣು ಕೇಬಲ್ ಸಡಿಲವಾಗಿ ಸುತ್ತಿಡಲು ಜಾಗ ಬೇಕು.

ಕೇಬಲ್ ಪರೀಕ್ಷಿಸುವ ಟೆಸ್ಟರಿನ ಎಂಟು ದೀಪಗಳೂ ಸರದಿಯಂತೆ ಹೊತ್ತಿದವೆಂದು ಕೆಲಸ ಮುಗಿಯಲಿಲ್ಲ. ಕಂಪ್ಯೂಟರ್ ಜೋಡಿಸಿ ಸಂಪರ್ಕದ ವೇಗ ನೋಡಬೇಕು. ಗಿಗಾಬಿಟ್ಟಿಗೆ (ಸೆಕೆಂಡಿಗೆ 1000 ಮೆಗಾಬಿಟ್) ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್ಟಿಗೆ ಕಿತ್ತಳೆ, ಹಸಿರು ಎರಡು ಸಾಕು. ಹಾಗಾಗಿ ಅಲ್ಲಿ 100 ಎಂದು ಕಂಡರೆ ಮೊದಲು ನೀಲಿ, ಕಂದು ಜೋಡಿಗಳನ್ನು ಅನುಮಾನಿಸಿ.

ಗಾರೆ ಮುಚ್ಚುವ ಮುನ್ನ ಗೋಡೆಗೆ ಅಳತೆ ಟೇಪು ಹಿಡಿದು ಫೋಟೊ ತೆಗೆದಿಟ್ಟಿದ್ದೇನೆ. ಕೊಳವೆಯಲ್ಲಿ ಕೇಬಲ್ ಜೊತೆಗೆ ಒಂದು ನೈಲಾನ್ ದಾರವನ್ನೂ ಬಿಟ್ಟಿದ್ದೇನೆ, ಎರಡನೆಯ ಕೇಬಲ್ ಬೇಕಾದರೆ ಅದೇ ಎಳೆದುಕೊಂಡು ಬರುತ್ತದೆ.