ರಂಗೋಲಿಗೆ ಹತ್ತಿದ ಕೆಂಪು ಆಯಿಲ್: ಎರಡು ಲಕ್ಷದ ಎಸ್ಟಿಮೇಟ್, ಆರು ಸಾವಿರದ ರಿಪೇರಿ

ರಾತ್ರಿ ಕಾರು ನಿಲ್ಲಿಸಿದಾಗ ಅದರ ಮೂತಿ ಹಿಂದಿನ ದಿನದ ರಂಗೋಲಿಯ ಮೇಲೆ ಬಂದಿತ್ತು. ಬೆಳಿಗ್ಗೆ ಕಾರು ಹಿಂದೆ ತೆಗೆದೆ. ಬಾಗಿಲಿಗೆ ನೀರು ಹಾಕಲು ಬಂದ ಅಮ್ಮ ಕರೆದರು, "ಇಲ್ಲಿ ನೋಡೋ, ಯಾರೋ ಕುಂಕುಮ ಕಲಸಿ ಚೆಲ್ಲಿದ ಹಾಗಿದೆ." ಬಿಳಿ ಎಳೆ ಒಂದು ಗೇಣಿನಷ್ಟು ಉದ್ದಕ್ಕೆ ಕೆಂಪಾಗಿತ್ತು, ರಂಗೋಲಿ ಪುಡಿ ಆಯಿಲ್ಲನ್ನು ಹೀರಿಕೊಂಡುಬಿಟ್ಟಿತ್ತು.

ಬೆರಳಲ್ಲಿ ಮುಟ್ಟಿ ನೋಡಿದೆ. ಜಾರುತ್ತಿತ್ತು. ಎಸಿ ನೀರಾದರೆ ಬಣ್ಣವೇ ಇರುವುದಿಲ್ಲ. ಇಂಜಿನ್ ತಣ್ಣಗಿಡುವ ಕೂಲಂಟ್ ಕೂಡ ಕೆಲವು ಕಾರಲ್ಲಿ ಕೆಂಪಗೋ ಗುಲಾಬಿಯಾಗೋ ಇರುತ್ತದೆ, ಆದರೆ ನೀರಿನ ಹಾಗೆ ತೆಳ್ಳಗೆ, ವಾಸನೆ ಸ್ವಲ್ಪ ಸಿಹಿ. ಇಂಜಿನ್ ಆಯಿಲ್ ಓಡಿದ ಮೇಲೆ ಕಪ್ಪಾಗುತ್ತದೆ. ಕೆಂಪಗೆ, ಎಣ್ಣೆ ಜಿಡ್ಡಿದ್ದರೆ ಹೆಚ್ಚಾಗಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್. ನನ್ನದು ಆರು ಗೇರಿನ, ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್. ಆಗ 82,000 ಕಿಲೋಮೀಟರ್ ಓಡಿತ್ತು.

ಇಷ್ಟು ಗೊತ್ತಿದ್ದೂ ಅದೇ ವಾರ ಉಡುಪಿಗೆ ಹೋದೆ. ಅದು ತಪ್ಪು. ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆವು. 14 ಹೇರ್‌ಪಿನ್ ತಿರುವುಗಳಿವೆ ಅಲ್ವಾ, ಅರ್ಧ ಮುಗಿಯುವಷ್ಟರಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತಿತ್ತು, ಕಾರು ಮಾತ್ರ ಎಳೆಯುತ್ತಿರಲಿಲ್ಲ. ಗೇರ್‌ಬಾಕ್ಸ್ ಒಳಗೆ ಆಯಿಲ್ ಕಡಿಮೆಯಾದರೆ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರುತ್ತವೆ, ಜಾರಿದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಉಳಿದ ಆಯಿಲ್ಲೂ ಕೆಡುತ್ತದೆ. ಹೇಗೋ ಮೇಲೆ ಬಂದು ಸೂರ್ಯಾಸ್ತ ನೋಡುವ ಜಾಗದ ಹತ್ತಿರ ನಿಲ್ಲಿಸಿದೆ. ಆಮೇಲೆ ಓಡಿಸಲೇ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಹಾಯಕ್ಕೆ ಬಂದ ಜೀಪಿನವರು ಹಗ್ಗ ಕಟ್ಟಿ ಎಳೆಯುತ್ತೇವೆ ಎಂದರು, ಒಳ್ಳೆಯ ಮನಸ್ಸಿನಿಂದಲೇ. ನಾನು ಬೇಡ ಎಂದೆ. ಮುಂದಿನ ಚಕ್ರ ತಿರುಗಿಸುವ ಆಟೋಮ್ಯಾಟಿಕ್ ಕಾರನ್ನು ಆ ಚಕ್ರ ನೆಲದಲ್ಲಿ ಉರುಳುವ ಹಾಗೆ ದೂರ ಎಳೆಯಬಾರದು. ಆಯಿಲ್ ಪಂಪ್ ತಿರುಗುವುದು ಇಂಜಿನ್‌ನಿಂದ. ಇಂಜಿನ್ ಆಫ್ ಇದ್ದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೇ ಉಜ್ಜುತ್ತವೆ. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಇತ್ತು, ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ ಕರೆಸಿದೆ. ನಾಲ್ಕು ಗಂಟೆ ಕಾದೆವು.

ಮಾರನೇ ದಿನ ಸರ್ವಿಸ್ ಸೆಂಟರ್‌ನಿಂದ ಫೋನ್. "ಸಾರ್, ಗೇರ್‌ಬಾಕ್ಸ್ ಲೀಕ್ ಇದೆ. ಅಸೆಂಬ್ಲಿನೇ, ಅಂದ್ರೆ ಇಡೀ ಗೇರ್‌ಬಾಕ್ಸ್ ಸೆಟ್ಟನ್ನೇ ಬದಲಾಯಿಸಬೇಕು. 2 ಲಕ್ಷದ 10 ಸಾವಿರ ಆಗುತ್ತೆ." ಎಲ್ಲಿಂದ ಸೋರುತ್ತಿದೆ ಎಂದು ಕೇಳಿದೆ. "ಗೇರ್‌ಬಾಕ್ಸ್‌ನಿಂದ ಸಾರ್" ಎಂದರು. ಗೇರ್‌ಬಾಕ್ಸ್‌ನ ಯಾವ ಜಾಗ? ಅದಕ್ಕೆ ಉತ್ತರ ಇರಲಿಲ್ಲ. ಲಿಫ್ಟ್ ಮೇಲೆ ಹಾಕಿ ತೋರಿಸಿ ಎಂದೆ. ಗ್ರಾಹಕರನ್ನು ಒಳಗೆ ಬಿಡುವುದಿಲ್ಲ ಎಂದರು. ಎರಡು ಲಕ್ಷ ನನ್ನ ಮನೆಗೆ ಸಣ್ಣ ಮೊತ್ತ ಅಲ್ಲ, ಮಗಳ ಕಾಲೇಜು ಫೀಸಿಗೆ ಇಟ್ಟ ದುಡ್ಡು ಅದು. ಎಸ್ಟಿಮೇಟ್‌ಗೆ ಸಹಿ ಹಾಕದೆ ಕಾರನ್ನು ಮತ್ತೆ ಲಾರಿಯಲ್ಲೇ ಮನೆಗೆ ತಂದೆ.

ಆ ರಾತ್ರಿ ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಬಿಚ್ಚಿ ಕಾರಿನ ಕೆಳಗೆ ಹಾಸಿದೆ. ರಟ್ಟಿನ ಮೇಲೆ ನಾಲ್ಕು ಚಕ್ರದ ಜಾಗ ಪೆನ್ನಿನಲ್ಲಿ ಗುರುತು ಹಾಕಿದೆ, ಮುಂಭಾಗಕ್ಕೆ ಬಾಣ. ಸುಮ್ನೆ ಹಾಸಿದರೆ ಬೆಳಿಗ್ಗೆ ಎಳೆಯುವಾಗ ತಿರುಗಿ ಎಲ್ಲ ಗೊಂದಲವಾಗುತ್ತದೆ. ಬೆಳಿಗ್ಗೆ ನೋಡಿದರೆ ಎಡಗಡೆ ಮುಂದಿನ ಚಕ್ರದಿಂದ ಒಂದೂವರೆ ಗೇಣು ಒಳಗೆ, ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಕಲೆ. ಇನ್ನೆಲ್ಲೂ ಇಲ್ಲ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಚಕ್ರ ತಿರುಗಿಸುವ ಸರಳು, ಅಂದರೆ ಡ್ರೈವ್ ಶಾಫ್ಟ್, ಗೇರ್‌ಬಾಕ್ಸ್ ಒಳಗೆ ಹೋಗುವ ಜಾಗದಲ್ಲಿ ಧೂಳು ಮೆತ್ತಿ ಕೆಸರಿನ ಹಾಗಾಗಿತ್ತು.

ಆಗ ನೆನಪಾಯಿತು. ಎಂಟು ತಿಂಗಳ ಹಿಂದೆ ಅದೇ ಬದಿಯ ಶಾಫ್ಟ್‌ನ ರಬ್ಬರ್ ಬೂಟ್ (ಕೀಲಿನ ಮೇಲಿನ ಮುಸುಕು) ಹರಿದಿತ್ತು, ಪ್ರಯಾಣದ ಮಧ್ಯೆ ಒಂದು ಗ್ಯಾರೇಜಿನಲ್ಲಿ ಶಾಫ್ಟ್ ಎಳೆದು ಬೂಟ್ ಹಾಕಿಸಿದ್ದೆ. ಶಾಫ್ಟ್ ಹೊರಗೆ ಬರುವಾಗಲೋ ಒಳಗೆ ಹೋಗುವಾಗಲೋ ಅದರ ಹಲ್ಲುಗಳು ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆಯ, ಅಂದರೆ ಆಯಿಲ್ ಸೀಲಿನ ತುಟಿಗೆ ತಾಗಿದರೆ ಸಾಕು, ರಬ್ಬರ್ ಕಟ್ ಆಗುತ್ತದೆ. ಮೊದಲು ತೇವ, ಆಮೇಲೆ ಹನಿ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಗೇರ್‌ಬಾಕ್ಸ್ ಕೆಲಸವನ್ನೇ ಮಾಡುವ ಒಬ್ಬ ಮೇಸ್ತ್ರಿ ಇದ್ದಾರೆ. ರಟ್ಟನ್ನೇ ತೆಗೆದುಕೊಂಡು ಹೋಗಿ ತೋರಿಸಿದೆ. ಬಹಳ ಹೊತ್ತು ನೋಡಿದರು. "ಮೊದ್ಲು ತೊಳೆಯೋಣ ಸಾರ್, ಆಮೇಲೆ ಮಾತಾಡೋಣ" ಎಂದರು. ಕಾರು ತರಿಸಿ, ಮೊದಲು ಒಂದು ಲೀಟರ್ ಆಯಿಲ್ ತುಂಬಿಸಿ, ಕೆಳಗೆಲ್ಲ ಡೀಸೆಲ್ ಹಾಕಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಅನುಮಾನ ಇದ್ದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿದರು. ಇಂಜಿನ್ ಬಿಸಿಯಾಗುವಷ್ಟು ಹೊತ್ತು ಆನ್ ಇಟ್ಟು, ಅಂಗಳದಲ್ಲೇ ಎರಡು ಸುತ್ತು ಹೊಡೆಸಿ, ಮತ್ತೆ ಪಿಟ್ ಮೇಲೆ. ಬಿಳಿ ಪೌಡರ್ ಮೇಲೆ ಕೆಂಪು ಗೆರೆ ಸೀದಾ ಶಾಫ್ಟ್‌ನ ಸೀಲಿನಿಂದ ಇಳಿದಿತ್ತು. ಆಯಿಲ್ ಪ್ಯಾನ್ ಅಂಚು ಒಣ. ಆಯಿಲ್ ತಣ್ಣಗಾಗಿಸುವ ಕೂಲರ್‌ನ ಪೈಪ್ ಒಣ. ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗವೂ ಒಣ. ಈ ಕೊನೆಯದು ಮುಖ್ಯ. ಅಲ್ಲಿಂದ ಸೋರಿದರೆ ಟಾರ್ಕ್ ಕನ್ವರ್ಟರ್ ಹತ್ತಿರದ ಸೀಲ್ ಹೋಗಿರಬಹುದು. ಆ ಸೀಲ್ ಅಗ್ಗವೇ, ಆದರೆ ಅದನ್ನು ಹಾಕಲು ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕು, ಮಜೂರಿ ಜಾಸ್ತಿ.

ಮೇಸ್ತ್ರಿ ಆಯಿಲ್ ತುಂಬುವ ಬೋಲ್ಟನ್ನು ಮೊದಲು ಬಿಚ್ಚಿದರು, ಆಮೇಲೆ ಡ್ರೈನ್ ಬೋಲ್ಟ್. ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಖಾಲಿ ಮಾಡಿದ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಬಂದ ಆಯಿಲ್ಲನ್ನು ಬೆರಳಲ್ಲಿ ಉಜ್ಜಿ, ಮೂಸಿ, ನನ್ನ ಕೈಗೂ ಹಚ್ಚಿದರು. ಬಣ್ಣ ಕಂದಿತ್ತು, ಸುಟ್ಟ ವಾಸನೆ ಇರಲಿಲ್ಲ. ಬೋಲ್ಟಿನ ಅಯಸ್ಕಾಂತದ ತುದಿಯಲ್ಲಿ ಬೂದು ಬಣ್ಣದ ನುಣ್ಣನೆ ಪೇಸ್ಟ್. "ಇದು ಸವೆತ, ಎಲ್ಲಾ ಗಾಡೀಲೂ ಇರುತ್ತೆ. ಚೂರು ಚೂರು ಲೋಹ ಸಿಕ್ಕಿದ್ರೆ ಹೆದರಬೇಕಿತ್ತು" ಎಂದರು. ಆ ಕ್ಷಣದಲ್ಲಿ ಎದೆಯ ಭಾರ ಇಳಿಯಿತು.

ಹೊಸ ಸೀಲನ್ನು ಸುತ್ತಿಗೆಯಿಂದ ನೇರ ಹೊಡೆಯಲಿಲ್ಲ. ಅಳತೆಗೆ ಸರಿಯಾದ ಪೈಪ್ ತುಂಡು ಇಟ್ಟು ಸುತ್ತಲೂ ಸಮವಾಗಿ ಕೂರಿಸಿ, ತುಟಿಗೆ ಆಯಿಲ್ ಸವರಿ, ಶಾಫ್ಟನ್ನು ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಳಗೆ ಬಿಟ್ಟರು. ಗೇರ್‌ಬಾಕ್ಸ್‌ನ ಬ್ರೀದರ್, ಅಂದರೆ ಗಾಳಿ ಹೊರಹೋಗುವ ತೂತು, ಕಟ್ಟಿದೆಯೇ ಎಂದೂ ನೋಡಿದರು, ಅದು ಕಟ್ಟಿದರೆ ಒಳಗಿನ ಒತ್ತಡಕ್ಕೆ ಹೊಸ ಸೀಲೂ ಸೋರುತ್ತದೆ. ಬಲಗಡೆ ಸೀಲೂ ಹಾಕಿಬಿಡಿ ಎಂದೆ. ಒಪ್ಪಲಿಲ್ಲ. "ಸೋರದೇ ಇರೋದನ್ನ ಯಾಕ್ ಬಿಚ್ಚೋದು ಸಾರ್?"

ನನ್ನ ಕಾರಿನ ಗೇರ್‌ಬಾಕ್ಸ್‌ಗೆ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಇಲ್ಲ. ಆಯಿಲ್ ತುಂಬಿ, ಇಂಜಿನ್ ಆನ್ ಇಟ್ಟು, ಗೇರ್ ಲಿವರನ್ನು ಪಿ, ಆರ್, ಎನ್, ಡಿ ಪ್ರತಿಯೊಂದಕ್ಕೂ ನಿಧಾನಕ್ಕೆ ಹಾಕಿ ತೆಗೆದು, ಸ್ಕ್ಯಾನರ್‌ನಲ್ಲಿ ಆಯಿಲ್ ಶಾಖ 40 ಡಿಗ್ರಿ ತೋರಿಸಿದಾಗ ಆಯಿಲ್ ಮಟ್ಟ ತೋರಿಸುವ ಲೆವೆಲ್ ಬೋಲ್ಟ್ ತೆಗೆದರು. ಧಾರೆ ಬಂದು, ತೆಳುವಾಗಿ, ಹನಿಗೆ ಬಂತು. ಹನಿಗೆ ಬಂದಾಗ ಬೋಲ್ಟ್ ಹಾಕಬೇಕು. ಶಾಖದ ಲೆಕ್ಕ ಕಾರಿನಿಂದ ಕಾರಿಗೆ ಬೇರೆ, ಆಯಿಲ್ಲೂ ಅಷ್ಟೇ. ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡ್ ಬಿಟ್ಟು ಬೇರೆ ಹಾಕಿಸಬೇಡಿ. ಸಿವಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನ ಆಯಿಲ್ಲನ್ನು ಇದಕ್ಕೆ, ಇದನ್ನು ಅದಕ್ಕೆ ಸುರಿದರೆ ಗೇರ್‌ಬಾಕ್ಸ್ ನಿಜವಾಗಿಯೂ ಹಾಳಾಗುತ್ತದೆ.

ಬಿಲ್: ಸೀಲ್ 620, ಆಯಿಲ್ ನಾಲ್ಕು ಲೀಟರ್ 3,400, ಶಾಫ್ಟ್ ಕ್ಲಿಪ್ 160, ವಾಷರ್ 60, ಮಜೂರಿ 1,800. ಒಟ್ಟು 6,040 ರೂಪಾಯಿ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಕೂಲರ್ ರೇಡಿಯೇಟರ್ ಒಳಗೇ ಇರುತ್ತದೆ. ಅದು ಒಡೆದು ಕೂಲಂಟ್ ಆಯಿಲ್‌ಗೆ ಸೇರಿ ಗುಲಾಬಿ ಬಣ್ಣದ ಮಜ್ಜಿಗೆ ಹಾಗಾಗಿದ್ದರೆ ಖರ್ಚು ದೊಡ್ಡದೇ, ಒಂದು ಕಿಲೋಮೀಟರ್ ಕೂಡ ಓಡಿಸಬಾರದು. ಆದರೆ ಯಾವ ಜಾಗದಿಂದ ಸೋರುತ್ತಿದೆ ಎಂದು ಕಣ್ಣಿಗೆ ತೋರಿಸದೆ ಅಸೆಂಬ್ಲಿ ಬದಲಾಯಿಸಬೇಕು ಎಂದರೆ, ದಯವಿಟ್ಟು ಸಹಿ ಹಾಕಬೇಡಿ.

ರಿಪೇರಿ ಆಗಿ 3,000 ಕಿಲೋಮೀಟರ್ ಆಯಿತು. ಆಗುಂಬೆ ಎರಡು ಸಲ ಹತ್ತಿದೆ. ಎಡಗಡೆ ಪೂರ್ತಿ ಒಣ. ಬಲಗಡೆ ಸೀಲಿನ ಅಂಚಿನಲ್ಲಿ ಹೋದ ವಾರ ಸ್ವಲ್ಪ ತೇವ ಕಂಡಿತು, ಹನಿ ಇಲ್ಲ. ಮೇಸ್ತ್ರಿ ಒರೆಸಿ, ಪೌಡರ್ ಹಾಕಿ, ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ರಟ್ಟು ಇನ್ನೂ ಕಾರಿನ ಕೆಳಗೇ ಇದೆ.