ಹಳೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಬಗೆ

ಬೀರುವಿನಲ್ಲಿ ಬಿದ್ದಿರುವ ಫೋನನ್ನು ಮನೆಯ ಹಿರಿಯರಿಗೆ ಕೊಡುವ ಯೋಚನೆಯಿದ್ದರೆ ಮೊದಲು ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ‘ಅಬೌಟ್ ಫೋನ್’ ತೆರೆದು ಆಂಡ್ರಾಯ್ಡ್ ವರ್ಷನ್ ನೋಡಿ. 4.4 ಅಥವಾ ಅದಕ್ಕಿಂತ ಹಳೆಯದಾದರೆ ಹೆಣಗಾಡಬೇಡಿ. ಆ್ಯಪ್‌ಗಳು ಹಿಂದಿನಿಂದ ನೆಚ್ಚಿಕೊಂಡಿರುವ ಗೂಗಲ್ ಪ್ಲೇ ಸರ್ವಿಸಸ್ 2023ರಲ್ಲೇ 4.4ನ್ನು ಕೈಬಿಟ್ಟಿತು, ವಾಟ್ಸಾಪ್ 2025ರ ಜನವರಿಯಲ್ಲಿ. ಅಂಥ ಫೋನು ಹಾಡು ಕೇಳಲಿಕ್ಕೆ, ಅಲಾರಂ ಇಡಲಿಕ್ಕೆ ಸರಿ. ಮುಂದಿನದೆಲ್ಲ 5, 6, 7ರ ಫೋನುಗಳಿಗೆ. ಹಿಂಬದಿ ಮುಚ್ಚಳ ಎದ್ದಿದ್ದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಚಾರ್ಜಿಗೆ ಹಾಕದೆ ಬೆಂಗಳೂರಿನ ಎಸ್.ಪಿ. ರೋಡಿನಂಥ ರಿಪೇರಿ ಅಂಗಡಿಗಳಿರುವ ಕಡೆಗೆ ಒಯ್ದು ಬದಲಿಸಿ.

ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವ ‘ರೀಸೆಟ್’ಗೆ ಮುಂಚೆ ಹಳೆಯ ಗೂಗಲ್ ಅಕೌಂಟನ್ನು ಸೆಟ್ಟಿಂಗ್ಸ್‌ನಿಂದಲೇ ತೆಗೆಯಿರಿ. 5.1ರಿಂದೀಚೆಗಿನ ಎಷ್ಟೋ ಫೋನುಗಳು ರೀಸೆಟ್ ಆದ ಮೇಲೂ ಅದೇ ಅಕೌಂಟಿನ ಪಾಸ್‌ವರ್ಡ್ ಕೇಳಿ ಪಟ್ಟು ಹಿಡಿದು ಕೂರುತ್ತವೆ.

ಆಮೇಲೆ ತಾರೀಖು. ಇದನ್ನು ಬಹಳ ಜನ ನೋಡುವುದೇ ಇಲ್ಲ. ಬ್ಯಾಟರಿ ಪೂರ್ತಿ ಸತ್ತು ವರ್ಷಗಟ್ಟಲೆ ಬಿದ್ದಿದ್ದ ಫೋನು ಎಂದೋ ಕಳೆದುಹೋದ ವರ್ಷವನ್ನು ತೋರಿಸುತ್ತಿರುತ್ತದೆ. ಆ ಲೆಕ್ಕದಲ್ಲಿ ಸೈಟುಗಳು ತಮ್ಮ ಗುರುತಿಗೆ ತೋರಿಸುವ ಇವತ್ತಿನ ಸರ್ಟಿಫಿಕೇಟುಗಳಿನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ವೈಫೈ ಪೂರ್ತಿ ಕಡ್ಡಿ ತೋರಿಸಿದರೂ ಪ್ಲೇ ಸ್ಟೋರ್ ‘ನೋ ಕನೆಕ್ಷನ್’ ಅನ್ನುತ್ತದೆ. ಸಿಮ್ ಇಲ್ಲದಿದ್ದರೆ ‘ಆಟೋಮ್ಯಾಟಿಕ್’ ಎಂಬುದನ್ನು ನಂಬದೆ ದಿನ, ಗಂಟೆ ಎರಡನ್ನೂ ಕೈಯಿಂದಲೇ ಹಾಕಿ.

ಈಗ ಗೂಗಲ್ ಅಕೌಂಟಿಗೆ ಲಾಗಿನ್ ಆಗಿ, ಚಾರ್ಜರ್ ಸಿಕ್ಕಿಸಿ, ವೈಫೈನಲ್ಲಿ ಒಂದೆರಡು ಗಂಟೆ ಸುಮ್ಮನೆ ಬಿಡಿ. ಪ್ಲೇ ಸ್ಟೋರ್ ಮತ್ತು ಪ್ಲೇ ಸರ್ವಿಸಸ್ ಹಿಂದಿನಿಂದ ತಮ್ಮಷ್ಟಕ್ಕೆ ಅಪ್‌ಡೇಟ್ ಆಗುತ್ತವೆ; ನಡುವೆ ಬೇರೆ ಆ್ಯಪ್ ಒತ್ತಿದರೆ ‘ಪೆಂಡಿಂಗ್’ನಲ್ಲೇ ನಿಲ್ಲುತ್ತದೆ. ಅವು ಮುಗಿದ ಮೇಲೆ, ಆ್ಯಪ್‌ಗಳಿಗೆ ವೆಬ್ ಪುಟ ತೋರಿಸಿಕೊಡುವ ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಅಪ್‌ಡೇಟ್ ಮಾಡಿ. ಆ್ಯಪ್‌ಗಳ ಒಳಗೆ ತೆರೆಯುವ ಲಾಗಿನ್ ಪುಟ ಬಿಳಿ ಹಾಳೆಯಂತೆ ಖಾಲಿ ಬಂದರೆ ಬಹುತೇಕ ಇದೇ ಹಳೆಯದಾಗಿರುತ್ತದೆ. ಆಂಡ್ರಾಯ್ಡ್ 7ರಲ್ಲಿ ಈ ಕೆಲಸ ಕ್ರೋಮ್‌ನದು, ಆದ್ದರಿಂದ ಜಾಗ ಉಳಿಸುವ ನೆಪದಲ್ಲಿ ಕ್ರೋಮ್‌ನ ಅಪ್‌ಡೇಟ್ ಅಳಿಸಬೇಡಿ. ಜಾಗ ಬೇಕಾದರೆ ಫೋಟೊ, ವಿಡಿಯೊಗಳನ್ನು ಎಸ್‌ಡಿ ಕಾರ್ಡಿಗೆ ಸಾಗಿಸಿ. ಒಳಗಿನ ಮೆಮೊರಿಯಲ್ಲಿ ಕನಿಷ್ಠ 1 ಜಿಬಿ ಖಾಲಿ ಇರಲಿ.

ಆ್ಯಪ್‌ನ ಹೊಸ ವರ್ಷನ್ ನಿಮ್ಮ ಫೋನಿಗೆ ಹೊಂದದಿದ್ದರೆ, ಅದನ್ನು ತಯಾರಿಸಿದವರು ಹಳೆಯದನ್ನು ಉಳಿಸಿಟ್ಟಿದ್ದ ಪಕ್ಷದಲ್ಲಿ ಪ್ಲೇ ಸ್ಟೋರ್ ಅದನ್ನೇ ಕೊಡುತ್ತದೆ. ಉಳಿಸಿಡದಿದ್ದರೆ ಹೊರಗಿನಿಂದ ಎಪಿಕೆ, ಅಂದರೆ ಆ್ಯಪ್ ಹಾಕುವ ಫೈಲ್, ತರಬೇಕು. ಎಪಿಕೆಮಿರರ್‌ನಂಥ ಸೈಟಿನಲ್ಲಿ ಪ್ರತಿ ಫೈಲಿನ ಪಕ್ಕ ಕನಿಷ್ಠ ಆಂಡ್ರಾಯ್ಡ್ ಯಾವುದು, ಪ್ರೊಸೆಸರ್ (ಚಿಪ್) ಯಾವುದು ಎಂದು ಬರೆದಿರುತ್ತಾರೆ. 64 ಬಿಟ್ ಚಿಪ್ ಇದ್ದೂ 32 ಬಿಟ್ ಆಂಡ್ರಾಯ್ಡ್ ಓಡಿಸುವ ಫೋನುಗಳು ಆ ಕಾಲದಲ್ಲಿ ಸಾಕಷ್ಟು ಬಂದಿದ್ದವು, ಅನುಮಾನವಿದ್ದರೆ 32 ಬಿಟ್‌ನ ‘ವಿ7ಎ’ ಫೈಲನ್ನೇ ಆರಿಸಿ. ‘ಬಂಡಲ್’ (ಹಲವು ತುಂಡುಗಳ ಗಂಟು) ಎಂದಿದ್ದರೆ ನೇರವಾಗಿ ಒತ್ತಿ ಹಾಕಲಾಗದು, ‘ಎಪಿಕೆ’ ಎಂದಿರುವುದನ್ನೇ ಇಳಿಸಿಕೊಳ್ಳಿ. ಸೆಟ್ಟಿಂಗ್ಸ್, ಸೆಕ್ಯುರಿಟಿಯೊಳಗೆ ‘ಅನ್‌ನೋನ್ ಸೋರ್ಸಸ್’ ಆನ್ ಮಾಡಿ, ಆ್ಯಪ್ ಹಾಕಿ, ಮರೆಯದೆ ಆಫ್ ಮಾಡಿ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಎಪಿಕೆಯನ್ನು ಮಾತ್ರ ಮುಟ್ಟಲೇಬೇಡಿ, ಬ್ಯಾಂಕಿನ ಹೆಸರಿದ್ದರಂತೂ ಇನ್ನೂ.

‘ಪಾರ್ಸ್ ಎರರ್’ ಬಂದರೆ ಆ ಫೈಲು ನಿಮ್ಮ ಆಂಡ್ರಾಯ್ಡ್‌ಗಿಂತ ಹೊಸದನ್ನು ಕೇಳುತ್ತಿದೆ, ಇಲ್ಲವೇ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ‘ಆ್ಯಪ್ ನಾಟ್ ಇನ್‌ಸ್ಟಾಲ್ಡ್’ ಎಂದರೆ ಜಾಗ ಸಾಲದು, ಪ್ರೊಸೆಸರ್ ತಪ್ಪು, ಅಥವಾ ಅದೇ ಆ್ಯಪ್‌ನ ಬೇರೊಂದು ಕಾಪಿ ಈ ಫೋನಿನಲ್ಲಿ ಈಗಾಗಲೇ ಇದೆ. ಹಾಗಿದ್ದರೆ ಆ ಕಾಪಿಯನ್ನು ಅಳಿಸಿ ಮತ್ತೆ ಹಾಕಿ.

ಇನ್‌ಸ್ಟಾಲ್ ಆಗುವುದೇ ಬೇರೆ, ಓಡುವುದೇ ಬೇರೆ. ವಾಟ್ಸಾಪಿನ ಹಳೆ ಎಪಿಕೆ ಕೂತರೂ ಅವಧಿ ಮೀರಿದೆ ಎಂದು ಬಾಗಿಲು ಹಾಕಿಕೊಳ್ಳುತ್ತದೆ, ಅದನ್ನು ಪ್ಲೇ ಸ್ಟೋರಿನಿಂದಲೇ ಹಾಕಿ. 7.0 ಮತ್ತು ಅದಕ್ಕಿಂತ ಹಳೆಯ ಫೋನುಗಳಲ್ಲಿ ಕ್ರೋಮ್ ಕೆಲವು ಸೈಟುಗಳನ್ನು ಅಸುರಕ್ಷಿತವೆಂದು ತಡೆಯುತ್ತದೆ. ಎಷ್ಟೋ ಸೈಟುಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಹೊಸ ರೂಟ್ (ಮೂಲ) ಸರ್ಟಿಫಿಕೇಟ್ ಈ ಫೋನುಗಳೊಳಗಿಲ್ಲ, ಹಳೆಯ ರೂಟಿನ ಆಸರೆಯೂ 2024ರ ಸೆಪ್ಟೆಂಬರಿಗೆ ಮುಗಿಯಿತು. ಫೈರ್‌ಫಾಕ್ಸ್ ಬ್ರೌಸರ್ ತನ್ನ ಸರ್ಟಿಫಿಕೇಟುಗಳನ್ನು ತಾನೇ ಹೊತ್ತು ತರುವುದರಿಂದ ಅಲ್ಲಿ ಆ ಸೈಟುಗಳು ತೆರೆಯುತ್ತವೆ.

ಯುಪಿಐ, ಬ್ಯಾಂಕ್ ಆ್ಯಪ್ ಈ ಫೋನಿಗೆ ಬೇಡ. ಭದ್ರತೆಯ ದೋಷ ಮುಚ್ಚುವ ಸೆಕ್ಯುರಿಟಿ ಪ್ಯಾಚ್ ನಿಂತು ವರ್ಷಗಳಾಗಿವೆ. ನಮ್ಮ ಮೆಟ್ರೋದ ಕ್ಯೂಆರ್ ಟಿಕೆಟ್ 2022ರ ನವೆಂಬರ್‌ನಿಂದ ವಾಟ್ಸಾಪ್ ಚಾಟಿನಲ್ಲೇ ಸಿಗುತ್ತದೆ ನಿಜ, ಆದರೆ ದುಡ್ಡು ಕಟ್ಟುವ ಹೊತ್ತಿಗೆ ಮತ್ತದೇ ತಾಪತ್ರಯ. ಸ್ಮಾರ್ಟ್ ಕಾರ್ಡ್ ಮಾಡಿಸಿಕೊಟ್ಟರೆ ಸಲೀಸು.

ವಾಟ್ಸಾಪ್ ನಂಬರ್ ಈಗಾಗಲೇ ಬೇರೆ ಫೋನಿನಲ್ಲಿದ್ದರೆ ಅಲ್ಲಿಂದ ಕಿತ್ತು ತರಬೇಕಿಲ್ಲ. ಹಳೆ ಫೋನಿನಲ್ಲಿ ನಂಬರ್ ಕೇಳುವ ಪರದೆಯ ಮೇಲ್ತುದಿಯ ಮೂರು ಚುಕ್ಕಿ ಒತ್ತಿ, ‘ಲಿಂಕ್ ಆ್ಯಸ್ ಕಂಪ್ಯಾನಿಯನ್ ಡಿವೈಸ್’ ಆರಿಸಿ, ಬರುವ ಕ್ಯೂಆರನ್ನು ಮುಖ್ಯ ಫೋನಿನ ‘ಲಿಂಕ್ಡ್ ಡಿವೈಸಸ್’ನಿಂದ ಸ್ಕ್ಯಾನ್ ಮಾಡಿ. ಮುಖ್ಯ ಫೋನನ್ನು 14 ದಿನ ತೆರೆಯದೇ ಬಿಟ್ಟರೆ ಹಳೆ ಫೋನು ತಾನಾಗಿ ಲಾಗೌಟ್ ಆಗುತ್ತದೆ.